ಸತ್ಯವ್ವನ ಒಂದೇ ಮಾತು

ತಿಕೋಟಾ
9 ಫೆಬ್ರುವರಿ 2025

ಮಹಾಜನರೇ! ಮುಂದೆ ಕುಳಿತ ಹಿರಿಯರೇ, ಹಿಂದೆ ನಿಂತು ಸೀಟಿ ಹೊಡೆಯುವ ಪಡ್ಡೆಗಳೇ! ಗದ್ದಲ ನಿಲ್ಲಿಸಿ ಕೇಳುವಂಥವರಾಗಿ!

ನೋಡು ಫಕ್ರುದ್ದೀನ, ಪೆನ್ನು ಹಿಡಿದರೂ ನನಗೆ ಇದೇ ಬರುತ್ತದೆ. ಓದುವವನು ನೀನೊಬ್ಬನೇ. ಇಪ್ಪತ್ತೆರಡು ವರ್ಷ ನಾಟಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮರೆತ ಮಾತನ್ನು ನನಗೆ ಎತ್ತಿಕೊಟ್ಟ ದೋಸ್ತ, ಸಲಾಮು.

ಹೋದ ತಿಂಗಳು ಬಂದಾಗ ನೀನೇ ಕಂಡೆಯಲ್ಲ. ಲಕ್ವಾ ಹೊಡೆದ ಮೇಲೆ ನನ್ನ ಹೆಂಡತಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು: ಬಾ. ನೀರಿಗೂ ಬಾ, ನೋವಿಗೂ ಬಾ, ಮೂಗಿನ ಮೇಲೆ ನೊಣ ಕುಳಿತರೂ ಬಾ. ನನ್ನ ಮುಖ ನೋಡಲಾರದೆ ನೀನು ಗೋಳಗುಮ್ಮಟದ ಎದುರಿನ ನಿನ್ನ ಚಹಾದಂಗಡಿಯ ಸುದ್ದಿ ತೆಗೆದೆ. "ಗುಜರಾತಿ ಮಂದಿ ಹಡದವ್ವಗ ಬಾ ಅಂತಾರಲೇ ಅಮೋಘಿ. ವಿಯೆಟ್ನಾಮದಾಕಿ ಒಬ್ಬಾಕಿ ಮೂರು ಬಟ್ಟು ತೋರಿಸಿ ಬಾ ಅಂದ್ಲು. ಅವರಲ್ಲಿ ಮೂರಕ್ಕ ಹಂಗ ಅಂತಾರಂತ. ನಾ, 'ಇಲ್ಲೇ ಅದೀನಲ್ಲವ್ವಾ, ಇನ್ನೆಷ್ಟು ಬರ್ಲಿ' ಅಂದೆ!" ಸತ್ಯವ್ವ ಅರ್ಧ ಬಾಯಲ್ಲೇ ನಕ್ಕಳು.

ನೀನು ಹೋದ ಮೇಲೆ ಅದನ್ನೂ ಮಾಡಿ ನೋಡಿದೆ. ನೀರು, ಚಹಾ, ಗಂಜಿ ಅಂತ ಮೂರು ಲೋಟ ಇಟ್ಟೆ. ಬಾ ಅಂದಳು. ಅವ್ವ ನೆನಪಾದಳೇನು ಅಂದೆ. ಬಾ ಅಂದಳು. ಅವಳ ಬಾ ಯಾವ ದೇಶದ್ದೋ!

ವಿಜಯಪುರದ ದವಾಖಾನೆಯಲ್ಲಿ ಮಾತು ಕಲಿಸುವ ಸುಧಾರಾಣಿ ಮೇಡಂ ನನ್ನನ್ನೇ ಗದರಿಸುತ್ತಾರೆ. "ಅಜ್ಜಾರ, ಮತ್ತ ನೀವ ಅಂದ್ರಿ! ಅವರ ಮಾತು ನೀವು ಆಡಬ್ಯಾಡ್ರಿ. ಹತ್ತು ಎಣಿಸೂತನಕ ಸುಮ್ಮ ಕುಂಡ್ರಿ." ಹತ್ತು! ರಂಗದ ಮೇಲೆ ಎದುರಿನ ಪಾತ್ರ ತಡವರಿಸಿದರೆ ಎರಡು ಉಸಿರಿನೊಳಗೆ ಅವರ ಮಾತೂ ಸೇರಿಸಿ ನಾನೇ ಆಡಿ ಆಟ ಉಳಿಸಿದವನು. ನಾಲ್ಕು ತಿಂಗಳಿಂದ ಈ ಮನೆಯಲ್ಲೂ ಎರಡು ಪಾತ್ರ ನನ್ನವೇ. ಅವಳು ತುಟಿ ತೆರೆಯುವುದರೊಳಗೆ ಹಸಿವು ನಾನೇ ಹೇಳುತ್ತೇನೆ, ಉಣಿಸುವವನೂ ನಾನೇ.

ಮಮದಾಪುರದ ಆಟ ನೆನಪಿದೆಯೇ? ಸಿಂಹಾಸನದ ಮುಂದೆ ಮಾತು ಮರೆತು ನಿಂತಿದ್ದೆ. ಪುಸ್ತಕ ನಿನ್ನ ಕೈಯಲ್ಲೇ ಇತ್ತು, ನೀನು ತುಟಿ ಬಿಚ್ಚಲಿಲ್ಲ. ಕಡೆಗೆ ಮಾತು ತಾನಾಗಿ ಬಂತು, ಚಪ್ಪಾಳೆಯೂ ಬಂತು. ಪರದೆ ಬಿದ್ದೊಡನೆ ನಿನ್ನ ಕೊರಳಪಟ್ಟಿ ಹಿಡಿದೆ. "ಮಾತು ನಿನ್ನ ಗಂಟಲತನಕ ಬಂದಿತ್ತಲೇ," ಅಂದೆ ನೀನು, "ಅದಕ್ಕ ಸುಮ್ಮಿದ್ದೆ."

ಹೇಗೆ ಸುಮ್ಮನಿದ್ದೆ ಫಕ್ರುದ್ದೀನ? ಅದೊಂದನ್ನು ಬರೆದು ತಿಳಿಸು. ಉಳಿದಂತೆ ಇಲ್ಲಿ ಕ್ಷೇಮ. ಅವಳು ಬಾ ಅನ್ನುತ್ತಲೇ ಇದ್ದಾಳೆ.

ನಿನ್ನ ದೋಸ್ತ,
ಅಮೋಘಿ

ತಾ.ಕ.: ಕೊನೆಯ ಸಾಲು ಸುಳ್ಳು. ಮೊನ್ನೆ ಹಲ್ಲು ಕಚ್ಚಿ ಏಳರ ತನಕ ಎಣಿಸಿದ್ದೆ. ಅವಳ ತುಟಿ ಬೇರೆ ಥರ ತೆರೆಯಿತು. "ಅ..." ಅಂದಳು. ತಡೆಯಲಾಗಲಿಲ್ಲ. "ಅಮೋಘಿ! ಅಮೋಘಿ ಅನ್ನಬೇ!" ಎಂದು ಓಣಿಯೆಲ್ಲ ಕೇಳುವಂತೆ ಕೂಗಿಬಿಟ್ಟೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಏನನ್ನಲು ಹೊರಟಿದ್ದಳೋ. ಅಂದಿನಿಂದ ಬಾ ಕೂಡ ಇಲ್ಲ.

ನಾಳೆ ಮುಂಜಾನೆ ಬಾಯಿ ತುಂಬ ನೀರು ಹಿಡಿದು ಅವಳ ಹಾಸಿಗೆಯ ಪಕ್ಕ ಕುಳಿತುಕೊಳ್ಳುತ್ತೇನೆ.