ದುರ್ಬೀನಿನ ಬಳೆ

ರೀ,

ನೀವು ಕಣ್ಣು ಮುಚ್ಚಿ ಎರಡು ವರ್ಷವಾದ ಮೇಲೆ, ಇವತ್ತು ನಾನು ಹಕ್ಕಿ ನೋಡಲು ಹೋಗಿದ್ದೆ. ನಗಬೇಡಿ. ಪ್ರತಿ ಭಾನುವಾರ ನೀವು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು "ಬರ್ತೀಯೇನೇ?" ಎಂದಾಗ, "ಹೋಗ್ರೀ, ನಾನೇನು ಹಕ್ಕಿಗೆ ವರ ನೋಡ್ಬೇಕಾ?" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನೇ.

ಮೊಮ್ಮಗಳು ಹಟ ಹಿಡಿದು, ನೀವು ಹೋಗುತ್ತಿದ್ದ ಕಡಲಂಚಿನ ಆ ಕಾಡಿಗೇ ಕರೆದೊಯ್ದಳು. ನಿಮ್ಮ ದುರ್ಬೀನನ್ನು ನಾನೇ ಕೊರಳಿಗೆ ಹಾಕಿಕೊಂಡಿದ್ದೆ. ಗಾಳಿಮರದ ತುದಿಯಲ್ಲಿ ಕಡಲ ಹದ್ದು ಕೂತಿದೆ ಎಂದು ಅವಳು ತೋರಿಸಿದಳು. ನನಗೆ ಕಂಡದ್ದು ಒಣಹಾಕಿದ ಪಂಚೆಯಂಥ ಬಿಳಿ ಮಸುಕು ಮಾತ್ರ.

"ಕೊಡಿ ಅಜ್ಜಿ, ಬಲಗಣ್ಣಿನ ಕೊಳವೆಯ ಈ ಬಳೆ ತಿರುಗಿಸ್ಬೇಕು," ಎಂದು ನಮ್ಮ ಜೊತೆಗೆ ಬಂದಿದ್ದ ಕಾಡಿನ ಕಾವಲುಗಾರ ಕೈ ಚಾಚಿದ. ನಿಮ್ಮ ಮಂದವಾದ ಬಲಗಣ್ಣಿಗೆ ಹೊಂದಿಸಿಟ್ಟು, ಯಾರೂ ಮುಟ್ಟಕೂಡದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದ್ದಿರಲ್ಲ, ಅದೇ ಬಳೆ. ನನಗದು ನೆನಪಿತ್ತು. ಆದರೂ ಹದ್ದು ಹಾರಿಹೋದೀತೆಂಬ ಆತುರಕ್ಕೆ ಕೊಟ್ಟುಬಿಟ್ಟೆ.

ಕಂಡಿತು ಕಣ್ರೀ! ಅದರ ಕಣ್ಣು, ಕೊಕ್ಕಿಗೆ ಅಂಟಿದ ಮೀನಿನ ಹುರುಪೆ, ಎಲ್ಲ. "ಅಯ್ಯೋ, ನನ್ನನ್ನೇ ಗುರಾಯಿಸ್ತಿದೆಯಲ್ಲೇ!" ಎಂದೆ.

"ನಿನ್ ಬಾಯಿ ಸುದ್ದಿ ಅದಕ್ಕೂ ಮುಟ್ಟಿರ್ಬೇಕು ಅಜ್ಜಿ," ಎಂದಳು ಮೊಮ್ಮಗಳು.

ಸಂಜೆಯವರೆಗೂ ಒಂದೊಂದು ಮರದ ಕೆಳಗೂ ನಿಂತು ನೋಡಿದೆ. ಸಾಕು ಎಂದವಳು ಅವಳು, ನಾನಲ್ಲ.

ಮನೆಗೆ ಬಂದಾಗಿನಿಂದ ಕಿಟಕಿಯ ಹತ್ತಿರ ಕೂತು ಆ ಬಳೆಯನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದೇನೆ. ಎಲ್ಲಿಗೆ ತಂದು ನಿಲ್ಲಿಸಿದರೆ ನಿಮಗೆ ಸರಿಯಾಗಿ ಕಾಣುತ್ತಿತ್ತು ಎಂದು ನಾನು ಒಂದು ಸಲವಾದರೂ ಕೇಳಿರಲಿಲ್ಲ.