ಮೊದಲ ಸುತ್ತಿನ ಹರಿಗೋಲು

ಹೊನ್ನಾಳಿ
11-12-1979, ಮಂಗಳವಾರ

ನಮ್ಮ ಗಾದ್ರಿಯ ಅಪ್ಪನಿಗೆ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಜಗಳೂರಿನ ದೂಳಿಗೆ ಅದು ಬೇಗ ಬಿಡುವುದಿಲ್ಲ. ಶಾಲೆ ಮುಗಿದ ಮೇಲೆ ಸಭೆಗಳಲ್ಲಿ ಕೂಗಿ ಹಾಡುವುದನ್ನು ಒಂದು ವಾರ ನಿಲ್ಲಿಸಿ. ಇಲ್ಲಿ ಅತ್ತೆಗೆ ಮಂಡಿನೋವು, ಬಾಯಿ ಮಾತ್ರ ಗಟ್ಟಿ. ಗಾದ್ರಿಗೆ ಮುಂದಿನ ಹಲ್ಲು ಬಿದ್ದಿದೆ. ನನ್ನ ಆರೋಗ್ಯ ನೀವು ಕೇಳಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಿಮ್ಮ ಕಾಗದ ಶನಿವಾರ ಬಂತು. ದಾವಣಗೆರೆಯ ಸರ್ವಮಂಗಳಮ್ಮನವರು ಈ ಭಾನುವಾರ ನಿಮ್ಮ ಜೊತೆ ಹೊನ್ನಾಳಿ ನೋಡಲು ಬರುತ್ತಾರೆ, ಸಂಘಟನೆಯ ಗೆಳತಿ, ದೊಡ್ಡ ಮನೆತನ ಬಿಟ್ಟು ನಮ್ಮ ಜನರ ಜೊತೆ ನಿಂತವರು ಎಂದು ಒಂದು ಪುಟ. ಅವರಿಗೆ ಏನೇನು ತೋರಿಸಬೇಕು ಎಂದು ಇನ್ನೊಂದು ಪುಟ. ಬೆಳಗ್ಗೆ ಹೊಳೆಯ ಮೇಲಿನ ಮಂಜು, ಊರಾಚೆ ದಿಬ್ಬದ ಮೇಲೆ ನಿಂತು ಗದ್ದೆಬಯಲು, ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಮಿರ್ಚಿ, ಆಮೇಲೆ ಹರಿಗೋಲಿನಲ್ಲಿ ಆಚೆ ದಡ. ಕೊನೆಗೆ, ಅಂಚಿನಲ್ಲಿ ಜಾಗ ಉಳಿಯಿತಲ್ಲ ಎಂದು ಬರೆದ ಹಾಗೆ, 'ಮುದ್ದೆ, ಹುರುಳಿಕಾಳು ಸಾರು ಮಾಡಿರು.' ಎಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಅರ್ಧ ಸಾಲು. ಮುಚ್ಚಿಡುವುದೇನಿದೆ, ಹೊಟ್ಟೆ ಉರಿಯಿತು. ನೀವು ಬಿಟ್ಟುಹೋದ ಕರಪತ್ರಗಳನ್ನೆಲ್ಲ ಓದಿದ್ದೇನೆ. ಹೆಂಡತಿಗೆ ಹೊಟ್ಟೆಕಿಚ್ಚು ಇರಬಾರದು ಎಂದು ಯಾವುದರಲ್ಲೂ ಅಚ್ಚಾಗಿಲ್ಲ. ಆಕೆ ಚೆನ್ನಾಗಿ ಮಾತಾಡುತ್ತಾರಂತೆ. ನಾನೂ ಆಡುತ್ತೇನೆ, ಕೇಳಲು ನೀವು ಊರಲ್ಲಿರುವುದಿಲ್ಲ.

ಮಂಜು ತೋರಿಸಿ, ಮಿರ್ಚಿ ತಿನ್ನಿಸಿ, ಹೇಗೋ ನುಂಗಿಕೊಳ್ಳುತ್ತೇನೆ. ಹರಿಗೋಲು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯಾದ ವರ್ಷ ನನ್ನನ್ನೂ ಹರಿಗೋಲು ಹತ್ತುವ ದಡಕ್ಕೆ ಕರೆದುಕೊಂಡು ಹೋಗಿದ್ದಿರಿ. ಹಸಿರು ಸೀರೆ ಉಟ್ಟಿದ್ದೆ. ನಮ್ಮ ಕೇರಿಯವರಿಗೆ ಕೊನೇ ಸುತ್ತು ಎಂಬುದು ಆ ದಡದ ಕಟ್ಟಳೆ. ಊರವರು ದಾಟಿದರು, ಅವರ ಸೈಕಲ್ಲು ದಾಟಿದವು, ಅವರ ಎಮ್ಮೆಯ ಮೇವೂ ದಾಟಿತು. ಹೊತ್ತು ಮುಳುಗಿದಾಗ ಅಂಬಿಗರ ಉಚ್ಚಂಗೆಪ್ಪ 'ನಾಳೆ ಬರ್ರಿ' ಎಂದು ಹರಿಗೋಲನ್ನು ಬೋರಲು ಹಾಕಿದ. ನೀವು ಮರಳು ಒದ್ದು, ಈ ಕಟ್ಟಳೆ ಮುರಿಯದೆ ನಾನು ಈ ಹೊಳೆ ದಾಟುವುದಿಲ್ಲ ಅಂದಿರಿ. ನಂಬಿದೆ. ಈಗ ಸರ್ವಮಂಗಳಮ್ಮನ ಜೊತೆ ದಾಟಲು ಹೊರಟಿದ್ದೀರಿ. ಆಕೆಯ ಮನೆತನದ ಹೆಸರು ಕಿವಿಗೆ ಬಿದ್ದರೆ ಉಚ್ಚಂಗೆಪ್ಪ ಕೈಮುಗಿದು ಹತ್ತಿಸುತ್ತಾನೆ, ಆಕೆಯ ನೆರಳಿನಲ್ಲಿ ನಿಮ್ಮನ್ನೂ. ಆಕೆ ಪಕ್ಕದಲ್ಲಿದ್ದರೆ ನಿಮಗೆ ಮೊದಲ ಸುತ್ತು. ನಾನು ಪಕ್ಕದಲ್ಲಿದ್ದಾಗ ಕೊನೆಯದೂ ಸಿಗಲಿಲ್ಲ. ಇದಕ್ಕೆ ಕಟ್ಟಳೆ ಮುರಿಯುವುದು ಎಂದು ಹೆಸರೇ?

ಅತ್ತೆಗೆ ಕಾಗದ ಓದಿ ಹೇಳಿದೆ. ಮಗನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದೆ. 'ಮುದ್ದೆ ಅವನೇ ತಿರುವಲಿ. ನೀನು ಹೊಳೆ ನೋಡ್ಕಂಡು ಬಾ ಹೋಗು' ಅಂದರು.

ನಿನ್ನೆ ಬೆಳಗ್ಗೆ ಹೋದೆ. ಅದೇ ಹಸಿರು ಸೀರೆ. ಮೊದಲ ಸುತ್ತಿಗೇ ಹತ್ತಿ ಕೂತೆ. ಉಚ್ಚಂಗೆಪ್ಪ ಹುಟ್ಟು ಕೆಳಗಿಟ್ಟ.

'ನೀನು ತಿಪ್ಪೇಶಪ್ಪ ಮೇಷ್ಟ್ರ ಹೆಂಡ್ತಿ ಅಲ್ಲೇನವ್ವ? ನಿಮ್ದು ಕೊನೇ ಸುತ್ತು ಅಂತ ಗೊತ್ತಿಲ್ವಾ?'

'ಗೊತ್ತೈತೆ. ಎಂಟು ವರ್ಷದ ಹಿಂದಿನ ಕೊನೇ ಸುತ್ತೇ ಇನ್ನೂ ಬಂದಿಲ್ಲ. ಅದಕ್ಕೇ ಕೂತಿದೀನಿ' ಅಂದೆ.

ಹತ್ತಿದ್ದ ಐದು ಜನ ಇಳಿದರು. ಅವನು ಹಗ್ಗವನ್ನು ಗೂಟಕ್ಕೆ ಬಿಗಿದ. ಬಿಸಿಲೇರಿತು, ದಡದಲ್ಲಿ ಜನ ಸೇರಿದರು. ಒಬ್ಬ ಜಾತಿ ಹಿಡಿದು ಬೈದ. ಇನ್ನೊಬ್ಬ ನಿನ್ನ ಗಂಡನಿಗೆ ಕಾಗದ ಹಾಕುತ್ತೇನೆ ಅಂದ, ನಾನೇ ಹಾಕುತ್ತೇನೆ ಅಂದೆ. ಸೆರಗು ಬಿಗಿದುಕೊಂಡು ಕೂತೇ ಇದ್ದೆ. ಕೊನೆಗೆ ಆಚೆ ದಡಕ್ಕೆ ಸೊಪ್ಪು ಮಾರಲು ಹೊರಟಿದ್ದ ಮುದುಕಿ, ಊರವಳೇ, ನೀರಿಗಿಳಿದು ಬಂದು ಪುಟ್ಟಿಯನ್ನು ನನ್ನ ತೊಡೆಗೆ ತಾಗಿಸಿಯೇ ಇಟ್ಟಳು. 'ಸರ್ಕಂಡು ಕೂತ್ಕಳೆ. ನಿಮ್ಮ ಜಗಳಕ್ಕೆ ನನ್ನ ಸೊಪ್ಪು ಬಾಡಬೇಕಾ?' ಆಮೇಲೆ ಒಬ್ಬೊಬ್ಬರೇ ಹತ್ತಿದರು. ಉಚ್ಚಂಗೆಪ್ಪ ಗೊಣಗುತ್ತಲೇ ಹುಟ್ಟು ಹಾಕಿದ.

ನಡುಹೊಳೆಯಿಂದ ಹೊನ್ನಾಳಿ ಹೇಗೆ ಕಾಣುತ್ತದೆಂದು ನಿಮ್ಮ ಪುಟದಲ್ಲಿ ಇಲ್ಲ. ಇರುವುದಾದರೂ ಹೇಗೆ, ನೀವೂ ನೋಡಿಲ್ಲ. ಊರವರು ಮೀಯುವ ಮೆಟ್ಟಿಲಿಗೂ ನಾವು ಬಟ್ಟೆ ಒಗೆಯುವ ಬಂಡೆಗೂ ನಡುವೆ ಅಲ್ಲಿಂದ ನೋಡಿದರೆ ಒಂದು ಗೇಣು. ಅದನ್ನು ಕೈಯಲ್ಲಿ ಅಳೆದು ತೋರಿಸೋಣವೆಂದರೆ ಪಕ್ಕದಲ್ಲಿ ಸೊಪ್ಪಿನ ಪುಟ್ಟಿ ಇತ್ತು, ನೀವಿರಲಿಲ್ಲ. ಮತ್ತೆ ಸಿಟ್ಟು ಬಂತು.

ಎದೆಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಿ. ಗಾದ್ರಿಗೆ ಬಣ್ಣದ ಬಳಪ ತನ್ನಿ. ಅತ್ತೆಯ ಆಶೀರ್ವಾದ ನಿಮಗಿದೆ, ಬೈಗುಳ ಮನೆಗೆ ಬಂದಾಗ.

ಇಂತಿ, ನಿಮ್ಮ ಕಾಗದದ ಕೊನೇ ಅರ್ಧ ಸಾಲು,
ಹನುಮಂತಮ್ಮ

ಮರೆತಿದ್ದೆ, ಟಪಾಲು ಹೊರಡುವ ಹೊತ್ತಾಯಿತು. ಸರ್ವಮಂಗಳಮ್ಮನವರು ಬರಲಿ. ಭಾನುವಾರ ಹರಿಗೋಲಿಗೆ ಮೊದಲು ಹತ್ತುವವಳು ನಾನು. ನನ್ನ ಪಕ್ಕ ನೀವು, ಆಕೆ ಎದುರಿಗೆ. ಉಚ್ಚಂಗೆಪ್ಪ ಆಕೆಯ ಮನೆತನ ನೋಡಿ ಹಗ್ಗ ಬಿಚ್ಚಲು ಬಂದರೆ ನೀವೇ ಅವನ ಕೈ ತಡೆಯಬೇಕು, ನನ್ನ ಹೆಸರು ಹೇಳಿ ಬಿಚ್ಚಿಸಬೇಕು. ಅವನು ಬಿಚ್ಚದಿದ್ದರೆ ಸಂಜೆಯಾದರೂ ಇಳಿಯುವಂತಿಲ್ಲ. ಅಷ್ಟು ಮಾಡಿದರೆ ಮುದ್ದೆ ನಾನೇ ತಿರುವುತ್ತೇನೆ.