ಎರಡು ಕಂಪಾಸುಗಳ ಒಂದೇ ಸುಳ್ಳು

ನಿಗಡಿ, ಪುಣೆ
೧೧ ನವೆಂಬರ್ ೨೦೨೪

ಮುದ್ದಿನ ಮಗಳು ಹರ್ಷದಾಳಿಗೆ ಅಪ್ಪನ ಆಶೀರ್ವಾದ.

ಬಿದ್ದ ಡ್ರೋನನ್ನು ಎತ್ತಲು ಹೋಗಿ ಕೊಯ್ದುಕೊಂಡ ಕೈ ಈಗ ಹೇಗಿದೆ? ತಾಸಗಾಂವದಲ್ಲಿ ಚಳಿ ಶುರುವಾಗಿರಬೇಕು, ಬರೀ ಚಹಾದ ಮೇಲೆ ದಿನ ತಳ್ಳಬೇಡ. ಇಲ್ಲಿ ನಾವು ಆರಾಮ. ನನಗೆ ಮಾತ್ರ ಈ ಸಲ ಬಹಳ ದಣಿವಾಗಿದೆ. ಫೋನು ಮಾಡಿದರೆ ನಿನ್ನವ್ವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೇ ರಿಪೇರಿಯಾದ ಡ್ರೋನಿನ ಡಬ್ಬಿಯಲ್ಲಿ ಈ ಕಾಗದ ಇಡುತ್ತಿದ್ದೇನೆ.

ಔಷಧಿ ಸಿಂಪಡಿಸಲು ನೀನು ಹಾರಿಸುತ್ತಿದ್ದ ಡ್ರೋನು ದ್ರಾಕ್ಷಿ ಚಪ್ಪರದ ತಂತಿಯ ಮೇಲೆ ಬಿದ್ದದ್ದು ನಿನ್ನ ತಪ್ಪಿನಿಂದಲೇ ಎಂದು ನಮ್ಮ ಕಂಪನಿಯಲ್ಲಿ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಮ್ಯಾನೇಜರ್ ಕೇದಾರ ನನ್ನ ರಿಪೇರಿ ಬೆಂಚಿಗೇ ಬಂದು, "ಕಾಕಾ, ಎರಡೂ ಕಂಪಾಸು ಒಂದ ದಿಕ್ಕು ತೋರಸ್ಯಾವ, ಬೋರ್ಡ್ ಸರಿ ಅದ. ನಿಮ್ಮ ಮಗಳನ್ನ ಈ ಕೆಲಸದಿಂದ ತಗೀಬೇಕಾಗ್ತದ್ರಿ" ಅಂದ. ಮಗಳ ಪರ ಮಾತಾಡಿದರೆ ಯಾರು ಕೇಳುತ್ತಾರೆ? ಡ್ರೋನಿನ ಆ ಸರ್ಕ್ಯೂಟ್ ಬೋರ್ಡನ್ನೇ ಮುಂದಿಟ್ಟುಕೊಂಡು ಕುಳಿತೆ. ಚಲನೆ ಅಳೆಯುವ ಸೆನ್ಸರುಗಳು ಅದರಲ್ಲಿ ಮೂರಿವೆಯಲ್ಲ, ಮೂರೂ ಡ್ರೋನು ತಿರುಗಿತು ಅನ್ನುತ್ತವೆ. ಕಂಪಾಸುಗಳು ಮಾತ್ರ ತಿರುಗಿಯೇ ಇಲ್ಲ ಅನ್ನುತ್ತವೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಹಾಕಿ, ಆಮೇಲೆ ಎರಡನ್ನೂ ಅಕ್ಕಪಕ್ಕದಲ್ಲೇ ಕೂಡಿಸಿದ ಜಾಣರು ನಾವು! ಹತ್ತಿರ ಆಯಸ್ಕಾಂತವೊಂದು ಬಂದರೆ ಎರಡೂ ಕೂಡಿಯೇ ಮೋಸಹೋಗುತ್ತವೆ. ಆದದ್ದೂ ಅದೇ. ಡ್ರೋನಿನ ಮುಚ್ಚಳ ಹಾಕಿದರೆ ಸುಳ್ಳು ದಿಕ್ಕು, ತೆಗೆದರೆ ಸರಿ ದಿಕ್ಕು. ಕೇದಾರನಿಗೆ ಕಣ್ಣಾರೆ ತೋರಿಸಿದೆ. ಈಗ ಒಂದು ಕಂಪಾಸನ್ನು ಕೋಲಿನ ಮೇಲೆ ದೂರ ಇಟ್ಟಿದ್ದೇವೆ. ನಿನ್ನ ಕೆಲಸ ಉಳಿಯಿತು. ಸಂತೋಷವಾಯಿತು, ಆದರೆ ಎದ್ದು ಕುಣಿಯುವ ತ್ರಾಣ ಇಲ್ಲ ಮಗಳೇ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಪ್ಪ,
ಬಾಳಕೃಷ್ಣ

ತಾ.ಕ.: ಆ ಆಯಸ್ಕಾಂತ ಎಲ್ಲಿತ್ತು ಗೊತ್ತೇ? ಖಂಡೇನವಮಿಗೆ ನಿನ್ನವ್ವ ಡ್ರೋನಿಗೆ ಪೂಜೆ ಮಾಡಿ, "ಒಬ್ಬಾಕಿನ ಇರ್ತಾಳ, ಜೋಡಿಗಿರ್ಲಿ" ಎಂದು ಮುಚ್ಚಳಕ್ಕೆ ಗಮ್ ಹಚ್ಚಿ ಕೂಡಿಸಿದಳಲ್ಲ, ಕಾರಿನಲ್ಲಿಡುವ ಗಣಪತಿ, ಅದರ ತಳದಲ್ಲಿ! ಅಂಟಿಸಿದವನು ನಾನೇ ಎಂದು ರಿಪೋರ್ಟಿನಲ್ಲಿ ಬರೆದುಕೊಟ್ಟಿದ್ದೇನೆ. ಯಾರು ಕೇಳಿದರೂ ನೀನೂ ಹಾಗೇ ಹೇಳು. ಬೆಂಚಿನಿಂದ ತೆಗೆದು ನನ್ನನ್ನು ಗೋದಾಮಿಗೆ ಹಾಕಿದ್ದಾರೆ, ಇರಲಿ, ಅಲ್ಲಿ ಕೂರಲು ಒಳ್ಳೆಯ ಕುರ್ಚಿ ಇದೆ. ಅವ್ವನಿಗೆ ಮಾತ್ರ ತಿಳಿಸಬೇಡ, ಅನ್ನ ಬಿಟ್ಟಾಳು. ಡ್ರೋನು ಬಿತ್ತೆಂದು ಗಾಬರಿಯಾಗಿ ಮೊದಲಿನದಕ್ಕಿಂತ ದೊಡ್ಡ ಗಣಪತಿ ತಂದಿದ್ದಾಳೆ, ಡಬ್ಬಿಯಲ್ಲಿದೆ. ತಳದ ಆಯಸ್ಕಾಂತ ಕಿತ್ತಿದ್ದೇನೆ. ಅದೇ ಜಾಗದಲ್ಲಿ ಅಂಟಿಸಿ ಫೋಟೋ ಕಳಿಸು, ಕಾಯುತ್ತಿದ್ದಾಳೆ.